ಇಲ್ಲದ ಊರಿಗೆ ದಾರಿ ಹೇಳುವ ಗ್ರೆಟ್ಟಾ

ಬೆಳಗಿನ ಜಾವ ಮೂರೂ ಮುಕ್ಕಾಲು. ಒಮಾನ್ ದೇಶದ ಬಂದರು ಪಟ್ಟಣ ದುಕ್ಮ್‌ನ ಕಂಪನಿ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ಒಂದೇ ಒಂದು ಅಡುಗೆಮನೆಯ ದೀಪ ಉರಿಯುತ್ತಿದೆ. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಕಿಟಕಿಯ ಗಾಜು ಸಣ್ಣಗೆ ಅದುರುತ್ತಿದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಹಾಲಿಲ್ಲದ ಸುಲೈಮಾನಿ ಚಹಾ, ಹಿಡಿ ಸವೆದ ಒಂದು ಭೂತಗನ್ನಡಿ. ಗ್ರೆಟ್ಟಾ ತಾವ್ರೊ ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ ಪರದೆಯ ಹತ್ತಿರ ಹತ್ತಿರ ಬಾಗುತ್ತಾರೆ. ಪರದೆಯ ಮೇಲಿರುವುದು ನೂರೈವತ್ತು ವರ್ಷಗಳ ಹಿಂದೆ ಯಾರೋ ಪಾದ್ರಿ ಬರೆದ, ಚರ್ಚಿನಲ್ಲಿ ಮಕ್ಕಳಿಗೆ ಮಾಡಿಸಿದ ಜ್ಞಾನಸ್ನಾನದ ದಾಖಲೆ ಪುಸ್ತಕದ ಒಂದು ಪುಟ.

"ಇಲ್ಲಿ ನೋಡಿ ಮೇಡಂ. ಇದು 'ಇ'. ಇದು 'ಎನ್'. ಎಂತಾದ್ರೂ ವ್ಯತ್ಯಾಸ ಕಾಣ್ತದಾ ನಿಮ್ಗೆ?"

ನನಗೆ ಕಾಣುವುದಿಲ್ಲ. ಎರಡೂ ಕೋಳಿ ಕೆದರಿದ ಗೀರುಗಳಂತಿವೆ.

"ಇದ್ರ ಕೊನೆ ಗೆರೆ ಒಂಚೂರು ಒಳಗೆ ಬಗ್ಗಿದೆ. ಬರೆದ ಪಾದ್ರಿಗೆ ಆ ದಿನ ಅವಸರ ಇರ್ಲಿಲ್ಲ. ಅದು ನಮ್ಮ ಪುಣ್ಯ." ಹೀಗೆಂದು ಅವರು ನೋಟ್‌ಬುಕ್ಕಿನಲ್ಲಿ ಒಂದು ಊರಿನ ಹೆಸರನ್ನು ನಿಧಾನವಾಗಿ ಬರೆಯುತ್ತಾರೆ. ಆ ಹೆಸರಿನ ಊರು ಇವತ್ತಿನ ಯಾವ ನಕ್ಷೆಯಲ್ಲೂ ಇಲ್ಲ.

ಐದೂ ನಲವತ್ತಕ್ಕೆ ಕೆಳಗೆ ಕಂಪನಿ ಬಸ್ಸು ಬರುತ್ತದೆ. ಅಷ್ಟರೊಳಗೆ ಅವರ ಕೈಯಲ್ಲಿರುವುದು ಎರಡು ಗಂಟೆಗೂ ಕಡಿಮೆ ಸಮಯ. ಹನ್ನೊಂದು ವರ್ಷಗಳಿಂದ, ಶುಕ್ರವಾರ ಬಿಟ್ಟು ಉಳಿದೆಲ್ಲ ದಿನ, ಐವತ್ತೈದರ ಈ ಹೆಂಗಸು ಆ ಸಮಯವನ್ನು ತಾವು ಎಂದೂ ನೋಡದ ದೇಶದ, ತಾವು ಎಂದೂ ಕಾಣದ ಜನರ, ಅಳಿದುಹೋದ ಊರುಗಳಿಗೆ ಕೊಟ್ಟಿದ್ದಾರೆ.

ನಾನು ದುಕ್ಮ್‌ಗೆ ಬಂದದ್ದು ಬಂದರಿನಲ್ಲಿ ದುಡಿಯುವ ಕನ್ನಡಿಗರ ಬಗ್ಗೆ ಬರೆಯಲೆಂದು. ಬಸ್ಸಿನ ಚಾಲಕ ಅನ್ಸಾರ್, ಭಟ್ಕಳದವರು, ಮಾತಿನ ಮಧ್ಯೆ ಹೇಳಿದರು: "ನಮ್ಮ ಬಸ್ಸಲ್ಲೇ ಒಬ್ರು ಮೇಡಂ ಬರ್ತಾರೆ. ಜರ್ಮನ್‌ನವ್ರ ಸತ್ತುಹೋದ ಊರು ಹುಡುಕಿ ಕೊಡ್ತಾರಂತೆ. ಜರ್ಮನ್‌ನವ್ರಿಗೇ ಸಿಗುದಿಲ್ಲಂತೆ, ಇವ್ರಿಗೆ ಸಿಗ್ತದಂತೆ." ನಾನು ನಕ್ಕುಬಿಟ್ಟಿದ್ದೆ. ಆ ನಗುವಿಗಾಗಿ ಈಗ ನಾಚಿಕೆಯಾಗುತ್ತದೆ.

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ಪೂರ್ವದ ಗಡಿ ಪಶ್ಚಿಮಕ್ಕೆ ಸರಿಯಿತು. ಅಲ್ಲಿದ್ದ ಲಕ್ಷಾಂತರ ಕುಟುಂಬಗಳು ಊರು ಬಿಟ್ಟವು. ಊರುಗಳ ಹೆಸರು ಬದಲಾಗಿ ಪೋಲಿಷ್ ಆದವು, ರಷ್ಯನ್ ಆದವು. ಕೆಲವು ಊರುಗಳಿಗೆ ಯಾರೂ ಬಂದು ನೆಲೆಸಲೇ ಇಲ್ಲ. ಮನೆಗಳು ಬಿದ್ದವು, ಕಾಡು ಬೆಳೆಯಿತು. ಕೆಲವನ್ನು ಕಲ್ಲಿದ್ದಲ ಗಣಿ ನುಂಗಿತು. ಆ ಜನರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಬ್ರೆಜಿಲ್‌ನಲ್ಲಿ, ಕೆನಡಾದಲ್ಲಿ, ಅಮೆರಿಕದಲ್ಲಿ ಇದ್ದಾರೆ. ಅವರ ಕೈಯಲ್ಲಿ ಉಳಿದಿರುವುದು ಒಂದು ಹಳೆಯ ಕಾಗದ. ಅದರ ಲಿಪಿ ಜರ್ಮನರೇ ಕೈಬಿಟ್ಟ ಹಳೆಯ ಕೈಬರಹ. ಅದರಲ್ಲಿ ಒಂದು ಊರಿನ ಹೆಸರು.

"ನಮ್ಮಲ್ಲಿ ಹೊಸೂರು, ಹೊಸಹಳ್ಳಿ ಎಷ್ಟುಂಟು ಹೇಳಿ?" ಎಂದು ಗ್ರೆಟ್ಟಾ ಕೇಳುತ್ತಾರೆ. "ಅಲ್ಲಿಯೂ ಹಾಗೇ. ನೊಯ್‌ಡಾರ್ಫ್ ಅಂದ್ರೆ ಹೊಸಹಳ್ಳಿ. ಡಜನ್‌ಗಟ್ಟಲೆ ಉಂಟು. 'ನನ್ನ ಅಜ್ಜ ಹೊಸಹಳ್ಳಿಯವ' ಅಂತ ಮಾತ್ರ ಬರ್ದಿಟ್ಟು ಹೋದ್ರೆ ಯಾವ ಹೊಸಹಳ್ಳಿ ಅಂತ ಹುಡುಕುದು? ಹೋಬಳಿ ಬೇಕು, ತಾಲ್ಲೂಕು ಬೇಕು, ಹತ್ತಿರದ ಇಗರ್ಜಿ, ಅಂದ್ರೆ ಚರ್ಚು, ಯಾವ್ದು ಗೊತ್ತಾಗ್ಬೇಕು. ಒಂದಕ್ಷರ ತಪ್ಪಿದ್ರೆ ಖಲಾಸ್, ಇನ್ನೂರು ಕಿಲೋಮೀಟರ್ ಆಚೆ ಹೋಗಿ ಬೀಳ್ತೇವೆ."

ಅವರ ಸಂಬಳದ ಕೆಲಸ ಬೇರೆ. ಬಂದರಿನ ಪಕ್ಕ ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ಅವರು ಡಾಕ್ಯುಮೆಂಟ್ ಕಂಟ್ರೋಲರ್. ದಿನಕ್ಕೆ ಎಪ್ಪತ್ತೋ ಎಂಬತ್ತೋ ಡ್ರಾಯಿಂಗ್‌ಗಳು ಅವರ ಮೇಜನ್ನು ಹಾದುಹೋಗುತ್ತವೆ. ಪ್ರತಿಯೊಂದಕ್ಕೂ ನಂಬರ್, ತಾರೀಖು, ಎಷ್ಟನೇ ತಿದ್ದುಪಡಿ ಎಂಬ ಗುರುತು. "ಹಳೆ ಡ್ರಾಯಿಂಗಿಗೆ ರದ್ದಾಯ್ತು ಅಂತ ಸೀಲು ಹಾಕದೆ ಸೈಟಿಗೆ ಕಳ್ಸಿದ್ರೆ ಗೋಡೆ ತಪ್ಪು ಜಾಗದಲ್ಲಿ ಏಳ್ತದೆ. ನನ್ನ ಕೆಲಸ ಅಷ್ಟೇ. ಯಾವ್ದು ಹಳೇದು, ಯಾವ್ದು ಸರಿ ಅಂತ ಹೇಳುದು." ಗಂಡ ಆಲನ್ ಅದೇ ಕಂಪನಿಯಲ್ಲಿ ಮೆಕ್ಯಾನಿಕಲ್ ಸೂಪರ್‌ವೈಸರ್. ಮಕ್ಕಳಿಲ್ಲ. ಮಸ್ಕತ್ತಿನಲ್ಲಿ ಹದಿನೈದು ವರ್ಷ ಇದ್ದು ಇಲ್ಲಿಗೆ ಬಂದವರು.

ಇಲ್ಲಿಯವರೆಗೆ ಬಂದ ಕೋರಿಕೆಗಳು ಆರುನೂರ ನಲವತ್ತು. ಸಿಕ್ಕ ಊರುಗಳು ನಾನೂರ ಹದಿನೆಂಟು. ಅರುವತ್ತೊಂದನ್ನು "ಸಿಗಲಿಕ್ಕಿಲ್ಲ" ಎಂದು ಕೈಬಿಟ್ಟಿದ್ದಾರೆ. ಉಳಿದವುಗಳ ಹುಡುಕಾಟ ನಡೆದಿದೆ. ಕೆಲವು ಎರಡು ಗಂಟೆಯಲ್ಲಿ ಸಿಕ್ಕಿವೆ. ಒಂದಕ್ಕೆ ನಾಲ್ಕು ವರ್ಷ ಬೇಕಾಯಿತು. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಫ್ರಿಜ್ಜಿನ ಬಾಗಿಲ ತುಂಬ ಜನ ಕಳಿಸಿದ ಫೋಟೊಗಳು ಅಂಟಿಕೊಂಡಿವೆ: ಒಂದು ಬಾವಿಕಟ್ಟೆ, ಬಾಗಿಲಿಲ್ಲದ ಒಂದು ಬಾಗಿಲ ಚೌಕಟ್ಟು, ಗೋಧಿ ಹೊಲದ ನಡುವೆ ಬರಿಗೈಯಲ್ಲಿ ನಿಂತ ಒಬ್ಬ ಮುದುಕ.

ನಮ್ಮ ಕರಾವಳಿಯ ಶಿರ್ವದ ಕಡೆಯ ಒಬ್ಬ ಹೆಂಗಸು ಜರ್ಮನರೂ ಓದಲಾರದ ಜರ್ಮನ್ ಲಿಪಿಯನ್ನು ಓದಲು ಕಲಿತದ್ದಾದರೂ ಹೇಗೆ? ನಾನು ಇದನ್ನು ಮೊದಲ ದಿನವೇ ಕೇಳಿದೆ. ಗ್ರೆಟ್ಟಾ ತಮ್ಮ ಎಡಗೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟು "ಇಲ್ಲಿ ಕಲ್ತದ್ದು" ಎಂದರು.

ಅವರ ತಾಯಿ ಊರಿನ ಹತ್ತಿರದ ಒಂದು ಕಾನ್ವೆಂಟಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದರು. ಅಲ್ಲಿ ಸಿಸ್ಟರ್ ಒಟಿಲಿಯಾ ಎಂಬ ಎಂಬತ್ತರ ಹತ್ತಿರದ ಜರ್ಮನ್ ಸನ್ಯಾಸಿನಿ ಇದ್ದರು. ಯುದ್ಧಕ್ಕೂ ಮೊದಲೇ ನರ್ಸ್ ಆಗಿ ಬಂದವರು, ಮತ್ತೆ ಹಿಂದಿರುಗಿರಲಿಲ್ಲ. ಎರಡು ಕಣ್ಣಿಗೂ ಪೊರೆ. ತಿಂಗಳಿಗೊಮ್ಮೆ ಅವರ ತಂಗಿಯಿಂದ ಕಾಗದ ಬರುತ್ತಿತ್ತು, ಅದೇ ಹಳೆಯ ಲಿಪಿಯಲ್ಲಿ. ಕಾನ್ವೆಂಟಿನಲ್ಲಿ ಉಳಿದವರೆಲ್ಲ ನಮ್ಮ ಕಡೆಯವರು. ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಕಾಗದಗಳು ದಿಂಬಿನ ಕೆಳಗೆ ಹಾಗೇ ಉಳಿಯುತ್ತಿದ್ದವು.

"ನಂಗೆ ಆಗ ಹನ್ನೆರಡು. ಶಾಲೆ ಬಿಟ್ಟು ಅಮ್ಮನೊಟ್ಟಿಗೆ ಮನೆಗೆ ಹೋಗ್ಲಿಕ್ಕೆ ಕಾಯ್ತಾ ಕೂತಿರ್ತಿದ್ದೆ. ಒಂದಿನ ಸಿಸ್ಟರ್ ಕರ್ದು ನನ್ನ ಕೈ ಹಿಡ್ಕೊಂಡ್ರು. ಅಂಗೈ ಮೇಲೆ ಬೆರಳಲ್ಲಿ ಒಂದೊಂದೇ ಅಕ್ಷರ ಬರೀಲಿಕ್ಕೆ ಶುರು ಮಾಡಿದ್ರು. ಇದು ಹೀಗೆ ಕಂಡ್ರೆ ಬಾಯಲ್ಲಿ ಹೀಗೆ ಹೇಳ್ಬೇಕು ಅಂತ. ಅರ್ಥ ಎಂತ ಇಲ್ಲ. ನಾನು ಗಿಳಿ ಹಾಗೆ ಓದುದು, ಅವ್ರು ಕೇಳುದು. ನಾನು ಓದ್ತಿದ್ದ ಹಾಗೇ ಅವ್ರು ನಗ್ತಿದ್ರು, ಕೆಲವು ಸಲ ಅಳ್ತಿದ್ರು. ಯಾಕೆ ಅಂತ ನಂಗೆ ಗೊತ್ತಿಲ್ಲ! ನಾನೇ ಓದಿ ಅಳಿಸಿದ್ದು, ನಂಗೇ ಗೊತ್ತಿಲ್ಲ!"

ಏಳು ವರ್ಷ ಹಾಗೆ ನಡೆಯಿತು. ನಿಧಾನವಾಗಿ ಅರ್ಥವೂ ಬಂತು. ಇಂದಿಗೂ ಗ್ರೆಟ್ಟಾ ಮಾತನಾಡುವುದು ಆ ಸನ್ಯಾಸಿನಿಯ ಕಾಲದ ಜರ್ಮನ್. "ಈಗಿನ ಜರ್ಮನರಿಗೆ ನನ್ನ ಮಾತು ಕೇಳಿದ್ರೆ ನಗು ಬರ್ತದೆ. ಅವ್ರ ಅಜ್ಜಿ ಮಾತಾಡಿದ ಹಾಗೆ ಆಗ್ತದಂತೆ." ೧೯೮೯ರಲ್ಲಿ ಸಿಸ್ಟರ್ ತೀರಿಕೊಂಡರು. ಗ್ರೆಟ್ಟಾ ಬಿ.ಕಾಂ. ಮುಗಿಸಿದರು, ಟೈಪಿಂಗ್ ಕಲಿತರು, ಮದುವೆಯಾದರು, ಗಲ್ಫಿಗೆ ಬಂದರು. ಕಾಲು ಶತಮಾನ ಆ ಲಿಪಿಯ ನೆನಪೇ ಇರಲಿಲ್ಲ.

ಅದು ಮರಳಿ ಬಂದದ್ದು ಆಫೀಸಿನ ಚಹಾದ ಹೊತ್ತಿನಲ್ಲಿ. ಡೀಟ್ಮಾರ್ ಎಂಬ ಜರ್ಮನ್ ಇಂಜಿನಿಯರ್ ತಮ್ಮ ಅಜ್ಜಿಯ ಕಾಗದಗಳ ಫೋಟೊಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತ ಕುಳಿತಿದ್ದರು. "ನಮ್ಮ ಮನೆಯಲ್ಲಿ ಇದನ್ನು ಓದುವವರು ಯಾರೂ ಉಳಿದಿಲ್ಲ" ಎಂದು ಯಾರಿಗೋ ಹೇಳುತ್ತಿದ್ದರು. ಕಡತ ಕೊಡಲು ಹೋದ ಗ್ರೆಟ್ಟಾ ಅವರ ಭುಜದ ಹಿಂದೆ ನಿಂತು, ತಮಗೇ ಅರಿವಿಲ್ಲದೆ, ಗಟ್ಟಿಯಾಗಿ ಓದತೊಡಗಿದರು.

"ಅವ್ರು ಕೈಯಲ್ಲಿದ್ದ ಕಪ್ಪು ಕೆಳಗಿಟ್ರು. ತಿರುಗಿ ನೋಡ್ಲೇ ಇಲ್ಲ. 'ಪ್ಲೀಸ್, ನಿಲ್ಸಬೇಡಿ' ಅಂದ್ರು."

ಆ ರಜೆಯಲ್ಲಿ ಊರಿಗೆ ಹೋದಾಗ ಗ್ರೆಟ್ಟಾ ಮಾಡಿದ ಮೊದಲ ಕೆಲಸ, ಸಿಸ್ಟರ್ ಒಟಿಲಿಯಾರ ಸಮಾಧಿಯ ಕಲ್ಲಿನ ಮೇಲಿದ್ದ ಹುಟ್ಟೂರಿನ ಹೆಸರನ್ನು ಬರೆದುಕೊಂಡು ಬಂದದ್ದು. ಅದಕ್ಕೀಗ ಬೇರೆ ಹೆಸರಿತ್ತು, ಪೋಲೆಂಡಿನಲ್ಲಿತ್ತು. ಹುಡುಕಲು ಐದು ತಿಂಗಳು ಹಿಡಿಯಿತು. ಅಲ್ಲಿನ ಪಾದ್ರಿಗೆ ಕಾಗದ ಬರೆದರು: ನಿಮ್ಮ ಊರಲ್ಲಿ ಹುಟ್ಟಿದ ಒಬ್ಬರು ನಮ್ಮ ಊರಲ್ಲಿ ಮಲಗಿದ್ದಾರೆ. ಆ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ದಿನ, ಅಲ್ಲಿಯ ಇಗರ್ಜಿಯಲ್ಲಿ ಸಿಸ್ಟರ್ ಹೆಸರನ್ನು ಓದಿದರಂತೆ. ಅದು ಗ್ರೆಟ್ಟಾ ಹುಡುಕಿದ ಮೊದಲ ಊರು. ಅಷ್ಟರಲ್ಲಿ ಡೀಟ್ಮಾರ್ ಇವರ ವಿಷಯವನ್ನು ವಂಶಾವಳಿ ಹುಡುಕುವವರ ಒಂದು ಇಂಟರ್‌ನೆಟ್ ಗುಂಪಿನಲ್ಲಿ ಬರೆದಿದ್ದರು. ಮರುವಾರದಿಂದ ಕಾಗದಗಳು ಬರತೊಡಗಿದವು.

ಇರ್ಮ್‌ಗಾರ್ಡ್ ಅವರ ಕಾಗದ ಬಂದದ್ದು ೨೦೧೭ರಲ್ಲಿ. ಬರೆದವರು ಅವರ ಮಗಳು ಮಾರ್ಲಿ, ದಕ್ಷಿಣ ಬ್ರೆಜಿಲಿನ ಸಾಂತಾ ಕಟರೀನಾದಿಂದ. ಇರ್ಮ್‌ಗಾರ್ಡ್‌ಗೆ ಈಗ ಎಂಬತ್ತೆಂಟು. ೧೯೪೫ರ ಜನವರಿಯಲ್ಲಿ ಏಳು ವರ್ಷದ ಹುಡುಗಿ. ಸೇನೆ ಹತ್ತಿರ ಬರುತ್ತಿದೆ ಎಂದು ಊರಿಗೆ ಊರೇ ಹೊರಡಲು ಗಂಟು ಕಟ್ಟುತ್ತಿದ್ದ ವಾರ, ಐದು ತಿಂಗಳ ತಮ್ಮ ಹೆಲ್ಮುಟ್ ಜ್ವರದಿಂದ ತೀರಿಕೊಂಡ. ನೆಲ ಹೆಪ್ಪುಗಟ್ಟಿ ಕಬ್ಬಿಣವಾಗಿತ್ತು. ಗುದ್ದಲಿ ನಾಟಲಿಲ್ಲ. ಎರಡು ದಿನ ನೆಲದ ಮೇಲೆ ಬೆಂಕಿ ಹಾಕಿ, ಮಣ್ಣು ಕರಗಿಸಿ, ಇಗರ್ಜಿಯ ಗೋಡೆಯ ಮೂಲೆಯಲ್ಲಿ ಮಗುವನ್ನು ಹೂಳಿದರು. ಮೂರನೇ ದಿನ ತಾಯಿ ಇರ್ಮ್‌ಗಾರ್ಡ್‌ಳ ಕೈಹಿಡಿದು ನಡೆದರು. ಬ್ರೆಜಿಲಿಗೆ ಬಂದ ಮೇಲೂ, ಸಾಯುವವರೆಗೂ, ತಾಯಿ ಹೇಳುತ್ತಿದ್ದದ್ದು ಒಂದೇ: ಕೆರೆಯ ಕಡೆಗಿರುವ ಮೂಲೆ. ಕೆರೆಯ ಕಡೆಗಿರುವ ಮೂಲೆ.

ಊರಿನ ಹೆಸರು ನೊಯ್‌ಡಾರ್ಫ್. ಹೊಸಹಳ್ಳಿ. ತಾಯಿಯ ಒಂದು ಕಾಗದದಲ್ಲಿ ತಾಲ್ಲೂಕಿನ ಹೆಸರೂ ಇತ್ತು, ಮಾಸಿದ ಶಾಯಿಯಲ್ಲಿ.

ಗ್ರೆಟ್ಟಾ ಅದನ್ನು ಓದಿದರು. ಆ ತಾಲ್ಲೂಕಿನ ಹೊಸಹಳ್ಳಿ ಈಗಲೂ ಇದೆ, ಪೋಲಿಷ್ ಭಾಷೆಯಲ್ಲಿ ಅದಕ್ಕೆ ಹೊಸಹಳ್ಳಿ ಎಂಬರ್ಥದ್ದೇ ಹೆಸರು. ೨೦೧೯ರಲ್ಲಿ ಮಾರ್ಲಿ ಅಲ್ಲಿಗೆ ಹೋದರು. ಇಗರ್ಜಿಯ ಗೋಡೆಯ ಬಳಿ ಮೇಣದಬತ್ತಿ ಹಚ್ಚಿದರು. ಒಂದು ಜಾಡಿಯಲ್ಲಿ ಮಣ್ಣು ತಂದು ತಾಯಿಯ ಹಾಸಿಗೆಯ ಪಕ್ಕದಲ್ಲಿಟ್ಟರು. ಧನ್ಯವಾದದ ಕಾಗದ ಬಂತು. ಗ್ರೆಟ್ಟಾ ಆ ಕಡತವನ್ನು ಮುಚ್ಚಿದರು.

ಮೂರು ವರ್ಷದ ಮೇಲೆ ಅದನ್ನು ತೆರೆಯಿಸಿದವಳು ಸುಹೈಲಾ. ಆಫೀಸಿನಲ್ಲಿ ಗ್ರೆಟ್ಟಾರ ಎದುರು ಮೇಜಿನಲ್ಲಿ ಕೂರುವ ಒಮಾನಿ ಹುಡುಗಿ, ಒಂಟೆ ಸಾಕುವ ಮನೆತನದವಳು. ಮಧ್ಯಾಹ್ನದ ಊಟದ ಹೊತ್ತಿಗೆ ಗ್ರೆಟ್ಟಾ ತಮ್ಮ ಊರುಗಳ ಕಥೆ ಹೇಳುತ್ತಿದ್ದರು. ಸುಹೈಲಾ ಎಲ್ಲ ಕೇಳಿ ಅಂದಳು: "ನೀವು ಹೆಸರನ್ನು ಯಾಕೆ ಅಷ್ಟು ನಂಬ್ತೀರಿ? ನನ್ನ ಅಜ್ಜಿ ದಾರಿ ಹೇಳುವಾಗ ಹೆಸರು ಹೇಳೋದೇ ಇಲ್ಲ. ಬಾವಿ ಎಲ್ಲಿತ್ತು ಅಂತ ಹೇಳ್ತಾಳೆ. ಹೆಸರನ್ನ ಜನ ಬದಲಾಯಿಸ್ತಾರೆ. ನೀರನ್ನ ಯಾರು ಬದಲಾಯಿಸ್ತಾರೆ?"

"ನಾನು ಊಟದ ಡಬ್ಬಿ ಮುಚ್ಚಿಟ್ಟೆ ಮೇಡಂ. ಇರ್ಮ್‌ಗಾರ್ಡ್ ಕೆರೆ ಅಂತ ಹೇಳಿದ್ರಲ್ಲ? ನಾನು ಆ ಹೊಸಹಳ್ಳಿಯ ಹಳೇ ಮ್ಯಾಪಲ್ಲಿ ಕೆರೆ ಉಂಟಾ ಅಂತ ನೋಡಿರ್ಲೇ ಇಲ್ಲ."

ಮರುದಿನ ಬೆಳಿಗ್ಗೆ ನೋಡಿದರು. ಕೆರೆ ಇರಲಿಲ್ಲ. ಕಾಗದವನ್ನು ಮತ್ತೆ ತೆರೆದರು. ತಾಲ್ಲೂಕಿನ ಹೆಸರಿನ ನಡುವೆ ತಾವು 'ಎನ್' ಎಂದು ಓದಿದ್ದು 'ಇ' ಆಗಿತ್ತು. ಅದು ಬೇರೆಯೇ ತಾಲ್ಲೂಕು. ಅಲ್ಲಿಯೂ ಒಂದು ಹೊಸಹಳ್ಳಿ ಇತ್ತು, ಇನ್ನೂರು ಕಿಲೋಮೀಟರ್ ದೂರದಲ್ಲಿ. ಅದರ ಇಗರ್ಜಿಯ ಪುಸ್ತಕದ ೧೯೪೪ರ ಆಗಸ್ಟ್ ಪುಟದಲ್ಲಿ ಹೆಲ್ಮುಟ್‌ನ ಜ್ಞಾನಸ್ನಾನ ದಾಖಲಾಗಿತ್ತು.

ತಪ್ಪು ಗೊತ್ತಾದ ಮೇಲಿನ ಎಂಟು ದಿನಗಳ ಬಗ್ಗೆ ಹೇಳುವಾಗ ಆಲನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಊಟ ಮಾಡ್ತಿರ್ಲಿಲ್ಲ ಇವ್ಳು. ನಾನು ಹೇಳ್ದೆ, ಬಿಡು ಗ್ರೆಟ್ಟಾ, ಆ ಅಜ್ಜಿಗೆ ಸಮಾಧಾನ ಆಗಿದೆಯಲ್ಲ, ಜಾಡಿ ಇಟ್ಕೊಂಡಿದ್ದಾರೆ, ಇನ್ನೆಷ್ಟು ದಿನ ಬದುಕ್ತಾರೆ, ಯಾಕೆ ಎಬ್ಬಿಸ್ತಿ ಅಂತ. ನಂದೂ ತಪ್ಪಲ್ಲ, ಅಲ್ವಾ?"

"ತಪ್ಪಲ್ಲ" ಎಂದು ಗ್ರೆಟ್ಟಾ ಅವರನ್ನು ನೋಡದೆ ಹೇಳುತ್ತಾರೆ. "ಆದ್ರೆ ನಾನು ದಿನಾ ಆಫೀಸಲ್ಲಿ ಎಂತ ಮಾಡುದು? ತಪ್ಪಿದ ಡ್ರಾಯಿಂಗನ್ನ ಹಿಂದೆ ತರ್ಸುದು. ಕಟ್ಟಡಕ್ಕೆ ಅಷ್ಟು ಮಾಡ್ತೇವೆ, ಒಂದು ಮಗುವಿನ ಸಮಾಧಿಗೆ ಬೇಡ್ವಾ?"

ಒಂಬತ್ತನೇ ದಿನ ಬೆಳಗಿನ ನಾಲ್ಕಕ್ಕೆ ಅವರು ಫೋನು ಮಾಡಿದರು. ಬ್ರೆಜಿಲಿನಲ್ಲಿ ಆಗ ಹಿಂದಿನ ದಿನದ ರಾತ್ರಿ ಒಂಬತ್ತು. ಮೊದಲು ಮಾರ್ಲಿಗೆ ಹೇಳಿದರು. ಮಾರ್ಲಿ ಸಿಟ್ಟಾದರು. ಅಷ್ಟು ದೂರ ಹೋಗಿದ್ದೆ, ಯಾರದೋ ಗೋಡೆಯ ಮುಂದೆ ಅತ್ತು ಬಂದೆ ಎಂದರು. ಗ್ರೆಟ್ಟಾ "ಹೌದು, ನನ್ನ ತಪ್ಪು" ಎಂದಷ್ಟೇ ಹೇಳಿದರು. ಆಗ ಹಿಂದಿನಿಂದ ಮುದುಕಿಯ ದನಿ, ಯಾರದು ಫೋನು ಎಂದು ಕೇಳಿತು. ಫೋನು ಅವರ ಕೈಗೆ ಹೋಯಿತು. ಗ್ರೆಟ್ಟಾ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದರು.

"ಅವ್ರು ಕೇಳಿದ್ದು ಒಂದೇ ಪ್ರಶ್ನೆ. 'ಅಲ್ಲಿ ಕೆರೆ ಇದೆಯಾ?' ನಾನು, ಹಳೇ ಮ್ಯಾಪಲ್ಲಿ ಉಂಟು, ಇಗರ್ಜಿ ಗೋಡೆಗೆ ತಾಗಿಯೇ ಉಂಟು ಅಂದೆ. ಅವ್ರು ಅಳ್ಲಿಕ್ಕೆ ಶುರು ಮಾಡಿದ್ರು."

ಆಮೇಲೆ ಇರ್ಮ್‌ಗಾರ್ಡ್ ಹೇಳಿದ್ದನ್ನು ಗ್ರೆಟ್ಟಾ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ನನಗೆ ಕನ್ನಡದಲ್ಲಿ ಓದಿ ಹೇಳಿದರು: "ಮಗಳು ಅಲ್ಲಿಂದ ಬಂದು ಕೆರೆ ಇಲ್ಲ ಅಂದಳು. ಮೂರು ವರ್ಷದಿಂದ ನನಗೆ ನನ್ನ ತಲೆಯ ಮೇಲೆ ನಂಬಿಕೆ ಹೋಗಿತ್ತು. ಕೆರೆಯೇ ಸುಳ್ಳಾದರೆ ತಮ್ಮನೂ ಸುಳ್ಳೇನೋ, ಬೆಂಕಿಯೂ ಸುಳ್ಳೇನೋ ಅಂದುಕೊಂಡಿದ್ದೆ. ನೀವು ನನ್ನ ಕೆರೆಯನ್ನು ವಾಪಸ್ಸು ಕೊಟ್ಟಿರಿ." ಜಾಡಿಯನ್ನು ಏನು ಮಾಡಲಿ ಎಂದು ಮಾರ್ಲಿ ಕೇಳಿದಾಗ ಮುದುಕಿ ಅಂದರಂತೆ: "ಇರಲಿ ಬಿಡು. ಅದೂ ಯಾರದೋ ಊರಿನ ಮಣ್ಣೇ."

ಆದರೆ ನಿಜವಾದ ಹೊಸಹಳ್ಳಿಗೆ ಹೋಗಲು ಅಲ್ಲಿ ಊರೇ ಇರಲಿಲ್ಲ. ಯುದ್ಧದ ನಂತರ ಅಲ್ಲಿ ಯಾರೂ ನೆಲೆಸಲಿಲ್ಲ. ಇಟ್ಟಿಗೆಗಳನ್ನು ಬೇರೆಡೆಗೆ ಸಾಗಿಸಿದರು. ಈಗ ಅದು ಅರಣ್ಯ ಇಲಾಖೆಯ ಒಂದು ನಂಬರು. ಮೂರು ವರ್ಷ ಗ್ರೆಟ್ಟಾ ಹಳೆಯ ಸರ್ವೆ ನಕ್ಷೆಯನ್ನು ಉಪಗ್ರಹದ ಚಿತ್ರದ ಮೇಲಿಟ್ಟು ಹೊಂದಿಸಿದರು. ಆ ಊರಿನಿಂದ ಬಂದವರೊಬ್ಬರು ನೆನಪಿನಿಂದ ಬರೆದ ಬೀದಿಗಳ ಚಿತ್ರವೊಂದನ್ನು ಜರ್ಮನಿಯ ಒಂದು ಮನೆಯ ಅಟ್ಟದಿಂದ ತರಿಸಿಕೊಂಡರು. ಆ ಕಾಡಿನ ಸುತ್ತಲಿನ ಏಳು ಜನರಿಗೆ ಬರೆದರು. ಉತ್ತರಿಸಿದವರು ಒಬ್ಬರೇ, ದಾನುತಾ, ಜರ್ಮನ್ ಬಲ್ಲ ನಿವೃತ್ತ ಶಾಲಾ ಶಿಕ್ಷಕಿ. ಆದರೆ ಮೇ ತಿಂಗಳವರೆಗೆ ಕಾಯಿರಿ ಎಂದರು. ಮನೆ ಬಿದ್ದರೂ ಮನೆಯ ಮುಂದೆ ನೆಟ್ಟ ಲೈಲಾಕ್ ಗಿಡ ಸಾಯುವುದಿಲ್ಲವಂತೆ. ಕಾಡಿನ ನಡುವೆ ನೇರಳೆ ಹೂ ಸಾಲಾಗಿ ಅರಳಿದ್ದು ಕಂಡರೆ ಅಲ್ಲೊಂದು ಬೀದಿ ಇತ್ತು ಎಂದೇ ಲೆಕ್ಕ.

ಆ ಕಾಡಿನಲ್ಲಿ ದಾನುತಾರ ನಡಿಗೆ ಈ ಶುಕ್ರವಾರ. ನಾನು ಮರಳುವ ಟಿಕೆಟ್ಟನ್ನು ಮುಂದಕ್ಕೆ ಹಾಕಿದೆ.

ಮಧ್ಯಾಹ್ನ ಮೂರು ಗಂಟೆ. ಹೊರಗೆ ದುಕ್ಮ್‌ನ ಬಿಸಿಲು ಬೆಳ್ಳಗೆ ಉರಿಯುತ್ತಿದೆ. ಪರದೆಯ ಮೇಲೆ ಎರಡು ಚೌಕಗಳು. ಒಂದರಲ್ಲಿ ಬ್ರೆಜಿಲ್‌ನ ಬೆಳಿಗ್ಗೆ. ಇರ್ಮ್‌ಗಾರ್ಡ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ತಲೆ ಬಾಚಿ, ದಿಂಬಿಗೆ ಒರಗಿ ಕುಳಿತಿದ್ದಾರೆ. ಪಕ್ಕದಲ್ಲಿ ಮಾರ್ಲಿ. ಇನ್ನೊಂದರಲ್ಲಿ ಅಲುಗುವ ಹಸಿರು ಎಲೆಗಳು, ದಾನುತಾರ ಬೂಟು, ಅವರ ಏದುಸಿರು.

ಗ್ರೆಟ್ಟಾರ ಮುಂದೆ ಊರಿನ ಚಿತ್ರ ಹರಡಿದೆ. ಬೆರಳು ಅದರ ಮೇಲೆ ಸರಿಯುತ್ತಿದೆ. ಮಾತೆಲ್ಲ ಜರ್ಮನ್‌ನಲ್ಲಿ, ನಡುನಡುವೆ ನನಗೆ ಕನ್ನಡದಲ್ಲಿ ಹೇಳುತ್ತಾರೆ. "ದಾನುತಾ, ಈಗ ನೀವು ನಿಂತಿರುವುದು ಬೇಕರಿಯ ಮುಂದೆ. ನೇರ ಹೋಗಿ. ಎಡಕ್ಕೆ ಶಾಲೆ."

ದಾನುತಾಗೆ ಕಾಣುತ್ತಿರುವುದು ಬರ್ಚ್ ಮರಗಳು ಮಾತ್ರ. ಆದರೂ ಅವರು ಶಾಲೆಯ ಕಡೆಗೆ ತಿರುಗಿ ಫೋನು ಹಿಡಿಯುತ್ತಾರೆ. ಅಲ್ಲಿ, ಮರಗಳ ನಡುವೆ, ನೇರಳೆ ಹೂಗಳು. ಒಂದು, ಎರಡು, ಐದು ಗಿಡ, ಅಡಿಪಟ್ಟಿ ಇಟ್ಟು ಗೆರೆ ಎಳೆದಂತೆ ಸಾಲಾಗಿ. ಯುರೋಪನ್ನು ಕಾಣದ ಹೆಂಗಸೊಬ್ಬರು ಒಮಾನ್‌ನ ಮರಳುಗಾಡಿನ ಅಡುಗೆಮನೆಯಲ್ಲಿ ಕುಳಿತು, ಪೋಲೆಂಡಿನ ಕಾಡಿನಲ್ಲಿ ಒಬ್ಬರನ್ನು ಇಲ್ಲದ ಬೀದಿಯಲ್ಲಿ ನಡೆಸುತ್ತಿದ್ದಾರೆ. ಆ ಬೀದಿ ಅವರ ಮಾತಿಗೆ ಸರಿಯಾಗಿ ಎದ್ದು ನಿಲ್ಲುತ್ತಿದೆ.

"ಇನ್ನು ಅರುವತ್ತು ಹೆಜ್ಜೆ. ಆಮೇಲೆ ಬಲಕ್ಕೆ."

ದಾನುತಾ ಎಣಿಸುತ್ತ ನಡೆಯುತ್ತಾರೆ. ಮುಳ್ಳಿಗೆ ಬಟ್ಟೆ ಸಿಕ್ಕ ಸದ್ದು. ಬಲಕ್ಕೆ ತಿರುಗುತ್ತಾರೆ. ಏನೂ ಕಾಣುವುದಿಲ್ಲ. ಆದರೆ ಕೇಳಿಸುತ್ತದೆ. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ನೂರು: ಕಪ್ಪೆಗಳು.

ಬ್ರೆಜಿಲಿನ ಚೌಕದಲ್ಲಿ ಇರ್ಮ್‌ಗಾರ್ಡ್ ದಿಂಬು ಬಿಟ್ಟು ನೆಟ್ಟಗೆ ಕೂರುತ್ತಾರೆ. "ಇವೇ" ಎನ್ನುತ್ತಾರೆ. "ಇವು ನಮ್ಮನ್ನು ಮಲಗಲು ಬಿಡುತ್ತಿರಲಿಲ್ಲ."

ಜೊಂಡು ಸರಿಸಿದಾಗ ನೀರು. ಪಾಚಿ ಕಟ್ಟಿದ, ಅಂಗಳದಷ್ಟಗಲದ ಕೆರೆ. ಅದರ ಆಚೆ ಹುಲ್ಲಿನಲ್ಲಿ ಮೊಣಕಾಲೆತ್ತರದ ಕಲ್ಲುಗಳ ಸಾಲು. ಇಗರ್ಜಿ ಇಲ್ಲ, ಗೋಪುರ ಇಲ್ಲ, ಗೋಡೆಯ ಬುಡ ಮಾತ್ರ. ಎರಡು ಸಾಲು ಕಲ್ಲುಗಳು ಕೂಡುವ ಕಡೆ ದಾನುತಾ ನಿಲ್ಲುತ್ತಾರೆ. ಕೆರೆಯ ಕಡೆಗಿರುವ ಮೂಲೆ.

ಆಲನ್ ನಮ್ಮ ಹಿಂದೆ ಯಾವಾಗ ಬಂದು ನಿಂತರೋ ತಿಳಿಯದು. ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಇರ್ಮ್‌ಗಾರ್ಡ್ ದಾನುತಾರನ್ನು ಏನೋ ಕೇಳುತ್ತಾರೆ. ಗ್ರೆಟ್ಟಾ ನನ್ನ ಕಿವಿಯಲ್ಲಿ ಹೇಳುತ್ತಾರೆ: "ಕೈ ಇಟ್ಟು ನೋಡು ಅಂತಿದ್ದಾರೆ. ನೆಲ ಮೆತ್ತಗಿದೆಯಾ ಅಂತ."

ದಾನುತಾ ಮಂಡಿಯೂರುತ್ತಾರೆ. ಎಲೆ ಸರಿಸಿ ಅಂಗೈಯನ್ನು ಮಣ್ಣಿನ ಮೇಲಿಡುತ್ತಾರೆ. ಬೆರಳುಗಳು ಸ್ವಲ್ಪ ಒಳಕ್ಕಿಳಿಯುತ್ತವೆ.

"ಮೆತ್ತಗಿದೆ" ಎನ್ನುತ್ತಾರೆ. "ಬೆಚ್ಚಗೂ ಇದೆ."

"ಹಾಗಾದರೆ ಸರಿ" ಎನ್ನುತ್ತಾರೆ ಇರ್ಮ್‌ಗಾರ್ಡ್. ಎಂಬತ್ತು ವರ್ಷಗಳಿಂದ ಎತ್ತಿ ಹಿಡಿದದ್ದನ್ನು ಕೆಳಗಿಟ್ಟಂತೆ ಅವರ ಭುಜಗಳು ಇಳಿಯುತ್ತವೆ.

ದಾನುತಾ ಹೊರಡುವ ಮೊದಲು ಆ ಮೂಲೆಯ ಮೇಲೆ ಲೈಲಾಕ್ ಹೂವಿನ ಒಂದು ಗೊಂಚಲನ್ನಿಡುತ್ತಾರೆ. ಮುಳ್ಳು ಕಂಟಿಯಲ್ಲಿ ಯಾಕಿಷ್ಟು ಕಷ್ಟಪಟ್ಟಿರಿ ಎಂದು ಮಾರ್ಲಿ ಕೇಳಿದ್ದಕ್ಕೆ ಅವರು ಹೇಳುವುದು: "ಯುದ್ಧ ಮುಗಿದ ಮೇಲೆ ನನ್ನ ಅಪ್ಪ ಅಮ್ಮನನ್ನೂ ಪೂರ್ವದ ಒಂದು ಹಳ್ಳಿಯಿಂದ ರೈಲಿನಲ್ಲಿ ತುಂಬಿಸಿ ಇಲ್ಲಿಗೆ ಕಳಿಸಿದ್ದರು. ನನ್ನ ಅಮ್ಮನಿಗಾಗಿ ಆ ಹಳ್ಳಿಗೆ ಯಾರೂ ನಡೆದು ಹೋಗಲಿಲ್ಲ." ಗ್ರೆಟ್ಟಾ ನೋಟ್‌ಬುಕ್ಕಿನ ಹೊಸ ಪುಟ ತೆರೆಯುತ್ತಾರೆ. "ಹಳ್ಳಿಯ ಹೆಸರು ಹೇಳಿ ದಾನುತಾ. ಮತ್ತೆ ಅಲ್ಲಿ ನೀರು ಎಲ್ಲಿತ್ತು ಅಂತ ಹೇಳಿ."

ದಾನುತಾರ ಚೌಕ ಮುಚ್ಚಿಕೊಳ್ಳುತ್ತದೆ. ಇರ್ಮ್‌ಗಾರ್ಡ್ ಮಾತ್ರ ಹೋಗುವುದಿಲ್ಲ. ಕನ್ನಡಕ ತರಿಸುತ್ತಾರೆ, ದಪ್ಪ ರಟ್ಟಿನ ಒಂದು ಪುಸ್ತಕ ತರಿಸುತ್ತಾರೆ. ಮನೆಯವರ ಹುಟ್ಟು ಸಾವುಗಳನ್ನು ಬರೆದಿಡುವ ಪುಸ್ತಕವಂತೆ. ಪೆನ್ನಿನ ಮುಚ್ಚಳ ತೆಗೆದು, ಪರದೆಯ ಹತ್ತಿರ ಮುಖ ತಂದು, ಗ್ರೆಟ್ಟಾಗೆ ಏನೋ ಹೇಳುತ್ತಾರೆ. ಗ್ರೆಟ್ಟಾ ಕೈಯಾಡಿಸುತ್ತಾರೆ, ಬೇಡ ಬೇಡ ಎಂಬಂತೆ. ಮುದುಕಿ ಬಿಡುವುದಿಲ್ಲ. ಕೊನೆಗೆ ಗ್ರೆಟ್ಟಾ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳುತ್ತಾರೆ. ಬ್ರೆಜಿಲಿನಲ್ಲಿ ಪೆನ್ನು ನಿಧಾನವಾಗಿ ಚಲಿಸುತ್ತದೆ. ಬರೆದದ್ದನ್ನು ಓದಿ ಹೇಳಿ ಎಂದು ಗ್ರೆಟ್ಟಾ ಕೇಳುತ್ತಾರೆ. ಓದುತ್ತಾರೆ. ಇನ್ನೊಮ್ಮೆ ಎನ್ನುತ್ತಾರೆ. ಇನ್ನೊಮ್ಮೆ ಓದುತ್ತಾರೆ.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, ಅವರು ಏನು ಕೇಳಿದರು ಎಂದು ನಾನು ವಿಚಾರಿಸುತ್ತೇನೆ. ಗ್ರೆಟ್ಟಾ ಲೋಟ ತೊಳೆಯಲು ಎದ್ದು, ನನಗೆ ಬೆನ್ನು ಮಾಡಿ ನಿಂತು ಹೇಳುತ್ತಾರೆ:

"ನಿಮ್ಮ ಊರು ಯಾವ್ದು ಅಂತ ಕೇಳಿದ್ರು. ನಾನು ಇಂಡಿಯಾ ಅಂದೆ. ಅದು ಊರಲ್ಲ, ಊರಿನ ಹೆಸರು ಹೇಳು ಅಂದ್ರು. ನಮ್ದು ನಡಿಬೆಟ್ಟು ಅಂತ ಮೇಡಂ, ಶಿರ್ವದಿಂದ ಒಳಗೆ, ಹನ್ನೊಂದು ಮನೆ. ಬಸ್ಸಿನ ಬೋರ್ಡಲ್ಲೂ ಇಲ್ಲ, ಮೊಬೈಲಲ್ಲಿ ಹುಡುಕಿದ್ರೂ ಬರುದಿಲ್ಲ. ಈಗ ಬ್ರೆಜಿಲಲ್ಲಿ ಒಬ್ರ ಮನೆಯ ಪುಸ್ತಕದಲ್ಲಿ ಶಾಯಿಯಲ್ಲಿ ಉಂಟು." ನಲ್ಲಿ ನಿಲ್ಲಿಸಿ, ಲೋಟವನ್ನು ಬೋರಲು ಹಾಕುತ್ತಾರೆ. "ಸ್ಪೆಲ್ಲಿಂಗ್ ನಾನೇ ಎರಡು ಸಲ ಓದಿಸಿ ನೋಡಿದ್ದೇನೆ. ತಪ್ಪಿಲ್ಲ."